ಏಳೆಂಟ್ಲೆ ಎಂದೊಡನೆ ಪುಸ್ತಕ ಮುಚ್ಚುವ ಮಗ

ಬಳ್ಳಾರಿ ಕೌಲ್ ಬಜಾರ್‌ನವರು, ಈಗ ಲೆಸ್ಟರ್:
ಗುಂಪಿನ ಎಲ್ಲರಿಗೂ ನಮಸ್ಕಾರ. ನನ್ನ ಮಗ ಇಲ್ಲಿ ಇಂಗ್ಲೆಂಡಿನಲ್ಲಿ ಇಯರ್ ಫೋರ್ (ಎಂಟು-ಒಂಬತ್ತು ವರ್ಷದ ಮಕ್ಕಳ ತರಗತಿ) ಓದುತ್ತಿದ್ದಾನೆ. ಜೂನ್‌ನಲ್ಲಿ ಮಗ್ಗಿಯ ಪರೀಕ್ಷೆ ಇದೆ. ಸಂಜೆ ಊಟಕ್ಕೆ ಮುಂಚೆ ಜೊತೆಯಲ್ಲಿ ಕೂರಿಸಿಕೊಳ್ಳುತ್ತೇನೆ. ಎರಡು, ಐದು, ಹತ್ತರ ಮಗ್ಗಿಗಳನ್ನು ಸರಾಗವಾಗಿ ಹೇಳುವವನು ಏಳೆಂಟ್ಲೆ ಎಷ್ಟು ಎಂದೊಡನೆ ಪೆನ್ಸಿಲ್ ಕೆಳಗಿಟ್ಟು, ‘ನನಗೆ ಇದು ಬರುವುದೇ ಇಲ್ಲ’ ಎಂದು ಪುಸ್ತಕ ಮುಚ್ಚಿಬಿಡುತ್ತಾನೆ. ಗದರಿಸಿದರೆ ಅಳುತ್ತಾನೆ, ಸುಮ್ಮನೆ ಬಿಟ್ಟರೆ ಮರುದಿನವೂ ಅಲ್ಲಿಗೇ ಬಂದು ನಿಲ್ಲುತ್ತಾನೆ. ಕಷ್ಟವೆನಿಸಿದಾಗಲೂ ಬಿಡದೆ ಕೂರುವ ಅಭ್ಯಾಸವನ್ನು ಮನೆಯಲ್ಲಿ ಹೇಗೆ ಬೆಳೆಸಬೇಕೆಂದು ಅನುಭವಸ್ಥರು ತಿಳಿಸಬೇಕು.

ಮಾನ್ವಿಯವರು, ಬರ್ಮಿಂಗ್‌ಹ್ಯಾಮ್:
ನಾವು ಇಪ್ಪತ್ತರವರೆಗಿನ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನೂ ಒಪ್ಪಿಸಿ ಬಂದವರು. ಇಲ್ಲಿ ಹನ್ನೆರಡಕ್ಕೇ ಮಕ್ಕಳು ಅಳುತ್ತವೆ ಎಂದರೆ ಏನು ಹೇಳುವುದು?

ಗಂಗಾವತಿಯವರು, ರೀಡಿಂಗ್ (ಶಾಲೆಯಲ್ಲಿ ಸಹಾಯಕ ಶಿಕ್ಷಕಿ):
ಅಕ್ಕ, ಮೊದಲು ಪರೀಕ್ಷೆಯ ಸ್ವರೂಪವನ್ನು ನೋಡಿ. 2022ರಿಂದ ಇಂಗ್ಲೆಂಡಿನ ಸರ್ಕಾರಿ ಶಾಲೆಗಳಲ್ಲಿ ಇದು ಕಡ್ಡಾಯ. ಕಂಪ್ಯೂಟರ್ ಮೇಲೆ 25 ಪ್ರಶ್ನೆಗಳು ಬರುತ್ತವೆ, ಒಂದೊಂದಕ್ಕೆ 6 ಸೆಕೆಂಡು. ಪಾಸು, ನಪಾಸು ಎಂಬುದಿಲ್ಲ. ಉತ್ತರ ಗೊತ್ತಿದ್ದೂ ನಿಧಾನವಾಗಿ ಹೇಳುವ ಮಗುವಿಗೆ ಗಡಿಯಾರ ಕಂಡರೆ ಏನೂ ಬಾರದು ಎನಿಸುತ್ತದೆ. ಆದ್ದರಿಂದ ಮನೆಯಲ್ಲಿ ಮೊದಲ ಕೆಲವು ವಾರ ಗಡಿಯಾರವನ್ನು ಹೊರಗೆ ತೆಗೆಯಲೇಬೇಡಿ. ಎರಡರಿಂದ ಹನ್ನೆರಡರವರೆಗಿನ ಚೌಕವನ್ನು ಕಾಗದದ ಮೇಲೆ ಬರೆದು, ಮಗನ ಕೈಯಿಂದಲೇ ಬರುವವುಗಳನ್ನು ಹೊಡೆದುಹಾಕಿಸಿ. ಮನೆಗಳು 121 ಇದ್ದರೂ ಏಳೆಂಟ್ಲೆ ಮತ್ತು ಎಂಟೇಳ್ಲೆ ಒಂದೇ ಆದ್ದರಿಂದ ಅವು 66ಕ್ಕೆ ಇಳಿಯುತ್ತವೆ. ಅವನಿಗೆ ಬರುವ ಎರಡು, ಐದು, ಹತ್ತನ್ನು ತೆಗೆದರೆ ಉಳಿಯುವುದು 36 ಮಾತ್ರ. ಉಳಿದಿರುವುದು ಇಷ್ಟೇ ಎಂದು ಕಣ್ಣಾರೆ ಕಂಡ ಮಗು ಹೆಚ್ಚು ಹೊತ್ತು ಕೂರುತ್ತದೆ, ಇದನ್ನು ನಾನು ತರಗತಿಯಲ್ಲಿ ನೋಡಿದ್ದೇನೆ.

‘ಬರುವುದಿಲ್ಲ’ ಎಂದಾಗ ಉತ್ತರ ಹೇಳಿಬಿಡಬೇಡಿ, ಗದರಿಸಲೂ ಬೇಡಿ. ಇದರ ಹತ್ತಿರದ್ದು ಯಾವುದು ಬರುತ್ತದೆ ಎಂದು ಕೇಳಿ. ಐದೆಂಟ್ಲೆ 40 ಎಂದು ಅವನಿಗೆ ಗೊತ್ತು, ಎರಡೆಂಟ್ಲೆ 16 ಸಹ ಗೊತ್ತು. ಎರಡನ್ನೂ ಅವನೇ ಕೂಡಿಸಿ 56 ಎಂದರೆ, ‘ಜಾಣ’ ಎನ್ನುವ ಬದಲು ‘ಐದರ ಮಗ್ಗಿಯಿಂದ ದಾರಿ ಹುಡುಕಿದೆಯಲ್ಲ’ ಎನ್ನಿ. ಮುಲ್ಲರ್ ಮತ್ತು ಡ್ವೆಕ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತನೆಂದು ಹೊಗಳಿಸಿಕೊಂಡ ಐದನೆಯ ತರಗತಿಯ ಮಕ್ಕಳು ಒಮ್ಮೆ ಸೋತ ಮೇಲೆ, ಪ್ರಯತ್ನಕ್ಕಾಗಿ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದರು. ಸುಮ್ಮನೆ ‘ಚೆನ್ನಾಗಿ ಪ್ರಯತ್ನಿಸಿದೆ’ ಎಂದರೂ ಸಾಲದು. ಏನು ಮಾಡಿದ ಎಂಬುದನ್ನು ಹೆಸರಿಸಿ ಹೇಳಬೇಕು. ದಿನಕ್ಕೆ ಹೊಸದು ಎರಡೇ ಇರಲಿ, ಬರುವ ಲೆಕ್ಕದಿಂದಲೇ ಮುಗಿಸಿ.

ಸಿಂಧನೂರಿನವರು, ಮ್ಯಾಂಚೆಸ್ಟರ್:
ತಂಗಿ, ಇಷ್ಟು ಲೆಕ್ಕಾಚಾರ ಏಕೆ? ಬೆಳಗಿನ ಐದಕ್ಕೆ ಎಬ್ಬಿಸಿ, ಮುಖ ತೊಳೆಸಿ, ಮಗ್ಗಿಯನ್ನು ಕನ್ನಡದಲ್ಲೇ ರಾಗವಾಗಿ ಹೇಳಿಸಿ. ನಮ್ಮ ತಂದೆ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಲಾರಿಗೆ ಚೀಲ ಏರುತ್ತಿದ್ದಂತೆಯೇ ಕ್ವಿಂಟಲ್ ಎಷ್ಟು, ರೂಪಾಯಿ ಎಷ್ಟು ಎಂದು ಬಾಯಲ್ಲೇ ಹೇಳುತ್ತಿದ್ದರು, ಕಾಗದ ಮುಟ್ಟುತ್ತಿರಲಿಲ್ಲ. ಅದು ಬಾಯಿಪಾಠದ ಬಲ. ಈ ದೇಶದವರು ಮಕ್ಕಳ ಮನಸ್ಸಿಗೆ ನೋವಾದೀತೆಂದು ಹೆದರಿ ಹೆದರಿ ಅವರನ್ನು ಮೆತ್ತಗೆ ಮಾಡಿದ್ದಾರೆ, ನಾವೂ ಹಾಗೆಯೇ ಆಗುತ್ತಿದ್ದೇವೆ.

ಮಾನ್ವಿಯವರು:
ನೂರಕ್ಕೆ ನೂರು ನಿಜ, ಅಣ್ಣ.

ಕುಷ್ಟಗಿಯವರು, ಸ್ಲೌ:
ಕನ್ನಡದ ಮಗ್ಗಿ ನನಗೂ ಪ್ರೀತಿಯೇ. ಆದರೆ ರಾಗವಾಗಿ ಕಲಿತ ನನ್ನ ಮಗಳು ಏಳೆಂಟ್ಲೆ ಎಂದು ಕೇಳಿದರೆ ಏಳೊಂದ್ಲೆ ಏಳರಿಂದಲೇ ಹೊರಡುತ್ತಾಳೆ. ಏಳೆಂಟ್ಲೆಗೆ ಬರುವಷ್ಟರಲ್ಲಿ ಆ 6 ಸೆಕೆಂಡು ಮುಗಿದಿರುತ್ತದೆ. ಅಲ್ಲದೆ ಚಳಿಗಾಲದಲ್ಲಿ ಇಲ್ಲಿ ಬೆಳಕು ಹರಿಯುವುದೇ ಎಂಟಕ್ಕೆ.

ಸಿಂಧನೂರಿನವರು:
ಹಾಗಾದರೆ ಬಾಯಿಪಾಠ ಮಾಡಿದ ನಾವ್ಯಾರೂ ಇಂಜಿನಿಯರ್ ಆಗಲಿಲ್ಲವೇ?

ಲಿಂಗಸುಗೂರಿನವರು, ಕಾರ್ಡಿಫ್:
ನಮ್ಮ ಮನೆಯಲ್ಲಿ ಹೊಲಗೆಲಸದ ನಡುವೆ ಪಕ್ಕದಲ್ಲಿ ಕೂತು ಕೇಳುವವರೇ ಇರಲಿಲ್ಲ. ಈಗ ಭಾನುವಾರ ನನ್ನ ಮಗ ವಿಡಿಯೊ ಕರೆಯಲ್ಲಿ ಊರಿನ ತಾತನಿಗೆ ಮಗ್ಗಿ ಕೇಳುತ್ತಾನೆ. ತಾತ ಬೇಕೆಂದೇ ತಪ್ಪು ಹೇಳುತ್ತಾರೆ, ಇವನು ತಿದ್ದುತ್ತಾನೆ. ನಮ್ಮೆದುರು ಹತ್ತು ನಿಮಿಷ ಕೂರದವನು ಅಲ್ಲಿ ಅರ್ಧ ತಾಸು ಏಳುವುದಿಲ್ಲ.

ಬಳ್ಳಾರಿ ಕೌಲ್ ಬಜಾರ್‌ನವರು:
ಎಲ್ಲರಿಗೂ ಧನ್ಯವಾದ. ಗಂಗಾವತಿಯ ತಂಗಿ ಹೇಳಿದ ಚೌಕವನ್ನು ಇಂದೇ ಬರೆಯುತ್ತೇವೆ. ಒಂದು ಸಂದೇಹ ಉಳಿದಿದೆ: ಕೊನೆಗೆ ಗಡಿಯಾರವನ್ನು ಯಾವಾಗ ಹೊರತೆಗೆಯಬೇಕು?

ಸಿಂಧನೂರಿನವರು:
ಗಡಿಯಾರ ಐದಕ್ಕೆ ಹೊಡೆದರೆ ಸಾಕು, ತಂಗಿ.