ಪ್ಲಾಸ್ಟಿಕ್ ಸಿಪಾಯಿಗಳ ಬಣ್ಣ ಏಳುತ್ತಿದೆ, ಫೋಟೊದಲ್ಲೂ ಆಟಿಕೆ ಅಂತ ಗೊತ್ತಾಗಿಬಿಡುತ್ತೆ. ಏನು ಮಾಡೋದು?

ಬಳ್ಳಾರಿ ಕಟಿಂಗ್ ಮಾಸ್ಟರ್:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದೇನೆ. ರಾತ್ರಿ ಊಟ ಆದ ಮೇಲೆ ಪ್ಲಾಸ್ಟಿಕ್ ಸಿಪಾಯಿಗಳಿಗೆ ಬಣ್ಣ ಹಚ್ಚೋದು ನನ್ನ ಹುಚ್ಚು. ಜಾತ್ರೆಯಲ್ಲಿ ಕವರ್‌ನಲ್ಲಿ ತುಂಬಿ ಮಾರುತ್ತಾರಲ್ಲ, ಹಸಿರು ಬಣ್ಣದವು, ಒಬ್ಬ ಮಂಡಿಯೂರಿ ಗುರಿ ಇಟ್ಟಿರುತ್ತಾನೆ, ಇನ್ನೊಬ್ಬ ಗ್ರೆನೇಡ್ ಎಸೆಯುತ್ತಿರುತ್ತಾನೆ, ಅವೇ. ನಮ್ಮ ಮನೆಯವಳು "ಮಗ ಕಾಲೇಜಿಗೆ ಹೋಗ್ತಾನೆ, ಅಪ್ಪ ಗೊಂಬೆ ಆಡ್ತಾನೆ" ಅಂತ ಓಣಿಗೆಲ್ಲ ಹೇಳಿದ್ದಾಳೆ. ಹೇಳಲಿ ಬಿಡಿ.

ತೊಂದರೆ ಎರಡು. ಹಚ್ಚುವುದು ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಬಣ್ಣ. ಅಂಗಿ, ಪ್ಯಾಂಟಿನ ಮೇಲೆ ಚೆನ್ನಾಗಿ ಕೂರುತ್ತೆ. ಆದರೆ ಬಂದೂಕು ಸ್ವಲ್ಪ ಬಾಗಿದರೆ ಸಾಕು, ತುದಿಯಿಂದ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತೆ. ಹೆಲ್ಮೆಟ್ಟಿನ ಅಂಚು, ಮೊಣಕಾಲು, ಅಲ್ಲೂ ಅದೇ ಕಥೆ.

ಇನ್ನು ಫೋಟೊ. ಕೋಟೆ ಗುಡ್ಡದ ಬುಡದಲ್ಲಿ ಬಂಡೆಗಳಿಗೇನು ಬರ ಇಲ್ಲ. ಅಲ್ಲೇ ನಿಲ್ಲಿಸಿ ಮೊಬೈಲಿನ ಮ್ಯಾಕ್ರೊದಲ್ಲಿ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ಮೋಡ್‌ನಲ್ಲಿ, ತೆಗೆಯುತ್ತೇನೆ. ಮೂಗು ಸ್ಪಷ್ಟ, ಬೆನ್ನು ಮಸುಕು. ಯಾರಿಗೆ ತೋರಿಸಿದರೂ "ಗೊಂಬೆ ಚೆನ್ನಾಗಿದೆ" ಅಂತಾರೆ. ಸಿಪಾಯಿ ಅನ್ನೋದಿಲ್ಲ! ದುಬಾರಿ ಕ್ಯಾಮೆರಾ, ಫಾರಿನ್ ಬಣ್ಣ ನನ್ನ ಕೈಗೆ ಎಟುಕಲ್ಲ. ಇರೋದರಲ್ಲೇ ದಾರಿ ಹೇಳಿ.

ಕೊಪ್ಪಳದ ಕಾಕಾ:

ಮಾಸ್ಟರೇ, ಮೊದಲು ನಿಮ್ಮ ಸಿಪಾಯಿಯನ್ನು ಒಂದು ಲೋಟ ನೀರಿಗೆ ಹಾಕಿ. ಬೆರಳಲ್ಲಿ ಅದುಮಿ, ಅಂಟಿದ ಗುಳ್ಳೆ ಬಿಡಿಸಿ, ಕೈ ತೆಗೆಯಿರಿ. ಮೇಲೆ ಬಂದು ತೇಲಿದರೆ ಅದು ಪಾಲಿಎಥಿಲೀನ್ ಅಂತ ಹೆಚ್ಚು ಕಡಿಮೆ ಖಾತ್ರಿ. ಮಾಡೆಲ್ ವಿಮಾನದ ಕಿಟ್‌ನಲ್ಲಿ ಬರುವ ಗಟ್ಟಿ ಪಾಲಿಸ್ಟೈರೀನ್ ಆದರೆ ಮುಳುಗುತ್ತೆ. ಅದರ ಮೇಲೆ ಬಣ್ಣ ಕಚ್ಚಿಕೊಳ್ಳುತ್ತೆ, ತಲೆನೋವಿಲ್ಲ. ಪಾಲಿಎಥಿಲೀನ್ ಮೇಣದ ಜಾತಿ. ತಾವರೆ ಎಲೆ ಮೇಲಿನ ನೀರಿನ ಹಾಗೆ ಬಣ್ಣ ಅದರ ಮೇಲೆ ಸುಮ್ನೆ ಕೂತಿರುತ್ತೆ ಅಷ್ಟೆ, ಹಿಡಿಯೋದಿಲ್ಲ. ಮೇಲಾಗಿ ಪ್ಲಾಸ್ಟಿಕ್ ಬಾಗುತ್ತೆ, ಒಣಗಿದ ಬಣ್ಣ ಅಷ್ಟು ಬಾಗಲ್ಲ.

ಇದು ಜಾತ್ರೆ ಮಾಲಿನ ದೋಷ ಅಂದ್ಕೋಬೇಡಿ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1959ರಿಂದ ಬೆರಳಿನ ಗಿಣ್ಣಿನಷ್ಟು ಎತ್ತರದ ಸಿಪಾಯಿಗಳನ್ನು ಮಾಡಿತು. ಅವೂ ಇದೇ ಮೆತ್ತನೆ ಪ್ಲಾಸ್ಟಿಕ್ಕು, ಅವುಗಳ ಬಣ್ಣವೂ ಹೀಗೇ ಏಳುತ್ತಿತ್ತು.

ಎಲ್ಲಾ ಇರೋದು ತಳದಲ್ಲಿ. ನಮ್ಮ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆ ಮಾಡುವಾಗ ನೋಡಿ. ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಅಂತ ತಳ ಕಟ್ಟೋದಕ್ಕೇ ಎಷ್ಟು ಹೊತ್ತು ಕೊಡುತ್ತಾರೆ! ಬಣ್ಣದ ಸರದಿ ಆಮೇಲೆ. ಪ್ಲಾಸ್ಟಿಕ್ಕಿಗೆ ಆ ಅಂಟು ಕೆಲಸಕ್ಕೆ ಬರಲ್ಲ, ಆದರೆ ಆ ತಾಳ್ಮೆ ಬೇಕು.

ಪಾತ್ರೆ ತೊಳೆಯುವ ಲಿಕ್ವಿಡ್, ಹಳೆ ಟೂತ್‌ಬ್ರಷ್ ತಗೊಂಡು ಉಜ್ಜಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಇರುತ್ತೆ, ನಮ್ಮ ಕೈ ಎಣ್ಣೆ ಬೇರೆ. ತೊಳೆದ ಮೇಲೆ ಬುಡ ಹಿಡಿದೇ ಕೆಲಸ ಮಾಡಿ. ಅಚ್ಚು ಕೂಡಿದ ಕಡೆ ಎದ್ದಿರುವ ಗೆರೆಯನ್ನು ಹೊಸ ಬ್ಲೇಡಿನಲ್ಲಿ ಹೆರೆದು ತೆಗೆಯಿರಿ, ಮರಳು ಕಾಗದ ಮಾತ್ರ ಬೇಡ. ಈ ಪ್ಲಾಸ್ಟಿಕ್ ತಿಕ್ಕಿದರೆ ನುಣುಪಾಗಲ್ಲ, ನೂಲು ನೂಲಾಗಿ ಏಳುತ್ತೆ. ಬಂದೂಕು ಸೊಟ್ಟಗಿದ್ದರೆ ಬಿಸಿ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿ, ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಇದನ್ನು ಬಣ್ಣಕ್ಕೆ ಮೊದಲೇ ಮಾಡಬೇಕು.

ಆಮೇಲೆ ಕಾರ್ ಪೇಂಟ್ ಮಾರುವ ಅಂಗಡಿಗೆ ಹೋಗಿ ಬಂಪರ್‌ಗೆ ಹೊಡೆಯುವ ಪ್ಲಾಸ್ಟಿಕ್ ಪ್ರೈಮರ್ ಕೇಳಿ. ಬಂಪರ್ ಜಾಸ್ತಿ ಪಾಲಿಪ್ರೊಪಿಲೀನ್, ನಿಮ್ಮ ಸಿಪಾಯಿಯ ದಾಯಾದಿ. ತೆಳ್ಳಗೆ ಒಂದು ಕೈ, ಮಾಳಿಗೆ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ದಪ್ಪ ಹೊಡೆದರೆ ಮುಖದ ಕಣ್ಣು, ಮೂಗು ಮುಚ್ಚಿಹೋಗುತ್ತೆ. ಅದು ಸಿಗದಿದ್ದರೆ ಫೆವಿಕಾಲ್‌ಗೆ ನೀರು ಬೆರೆಸಿ ತೆಳುವಾಗಿ ಹಚ್ಚಿ ಒಣಗಿಸಿ. ಅದು ಒಣಗಿದ ಮೇಲೂ ಬಾಗುತ್ತೆ. ಪ್ಲಾಸ್ಟಿಕ್ಕಿಗೆ ಕಚ್ಚುವುದಕ್ಕಿಂತ ಸಿಪಾಯಿಗೆ ಒಂದು ಪೊರೆ ತೊಡಿಸುತ್ತೆ ಅನ್ನಿ. ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿ ಎರಡು ಮೂರು ಕೈ ಹಚ್ಚಿ. ಕೊನೆಗೆ ಮ್ಯಾಟ್ ವಾರ್ನಿಷ್. ಹೊಳಪಿನದು ತರಬೇಡಿ, ಹೊಳೆಯುವ ಸಿಪಾಯಿ ಎಲ್ಲಿ ನಿಂತರೂ ಗೊಂಬೆಯೇ.

ಫೋಟೊ ವಿಷಯ ನನಗಿಂತ ರಾಯಚೂರಿನ ತಂಗಿ ಚೆನ್ನಾಗಿ ಹೇಳ್ತಾಳೆ.

ಮಾವಿನಕೆರೆ ಕ್ಯಾಮೆರಾ:

ಕಾಕಾ ನನ್ನನ್ನು ಎಳೆದು ತಂದರು. ನಾನು ಮದುವೆ ಫೋಟೊ ತೆಗೆಯೋಳು. ಅಣ್ಣ, ನಿಮ್ಮ ಸಿಪಾಯಿ ಎಷ್ಟು ಎತ್ತರ? 54 ಮಿಲಿಮೀಟರ್ ಇದ್ದರೆ ಅದು 1/32 ಸ್ಕೇಲು, ಅಂದರೆ ನಿಜವಾದ ಆಳಿನ 32ರಲ್ಲಿ ಒಂದು ಪಾಲು. 32ರಿಂದ ಗುಣಿಸಿ, 1.73 ಮೀಟರ್, ಸರಿಯಾಗಿ ಒಬ್ಬ ಆಳಿನ ಎತ್ತರ. ಈಗ ಅವನ ಕಾಲ ಬಳಿ ಇರುವ 3 ಮಿಲಿಮೀಟರ್ ಹರಳನ್ನೂ ಗುಣಿಸಿ. ಸುಮಾರು 10 ಸೆಂಟಿಮೀಟರ್ ಕಲ್ಲಾಯಿತು! ಅವನು ರಸ್ತೆ ಮೇಲೆ ನಿಂತಿಲ್ಲ, ಜಲ್ಲಿ ರಾಶಿ ಮೇಲೆ ನಿಂತಿದ್ದಾನೆ. ಗುಟ್ಟು ಬಿಟ್ಟುಕೊಡೋದು ಸಿಪಾಯಿ ಅಲ್ಲ, ನೆಲ. ನಿಮ್ಮ ಕಡೆ ಕೆಂಪು ಮಣ್ಣಿಗೆ ಬರವೇ? ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಆ ಪುಡಿ ಹರಡಿ ನಿಲ್ಲಿಸಿ. ಬೂಟಿಗೂ ಅದನ್ನೇ ಸ್ವಲ್ಪ ಒಣ ಬ್ರಷ್‌ನಲ್ಲಿ ಸವರಿ, ಆಗ ಕಾಲು ನೆಲ ಎರಡೂ ಒಂದೇ ಊರಿನವು ಅನಿಸುತ್ತೆ. ಬುಡದ ತಟ್ಟೆಯನ್ನೂ ಮಣ್ಣಲ್ಲಿ ಹೂತುಬಿಡಿ.

ಮ್ಯಾಕ್ರೊ ಬಿಡಿ. ಹತ್ತಿರ ಹೋದಷ್ಟೂ ಫೋಕಸ್ ಸಿಗುವ ಜಾಗ ಕಿರಿದಾಗುತ್ತೆ, ಅದಕ್ಕೇ ಬೆನ್ನು ಮಸುಕು. ಒಂದೂವರೆ ಅಡಿ ಹಿಂದೆ ಸರಿದು ತೆಗೆಯಿರಿ, ಆಮೇಲೆ ಕ್ರಾಪ್ ಮಾಡಿ. ಮೊಬೈಲನ್ನು ತಲೆಕೆಳಗು ಹಿಡಿಯಿರಿ. ಲೆನ್ಸ್ ನೆಲಕ್ಕೆ ತಾಗುವಷ್ಟು ಕೆಳಗೆ ಬರುತ್ತೆ, ಸಿಪಾಯಿಯ ಎದೆ ಮಟ್ಟಕ್ಕೆ. ಮೇಲಿಂದ ನೋಡಿದರೆ ನಾವು ದೊಡ್ಡವರು ಅವನು ಗೊಂಬೆ, ಅಲ್ವಾ? ಹಿಂದುಗಡೆ ದೂರದಲ್ಲಿ ಗುಡ್ಡ ಬರಲಿ, ನೀವೇನೂ ಸೆಟ್ ಹಾಕಬೇಕಾಗಿಲ್ಲ.

ಒಂದು ಆಸೆ ಹೇಳಲಾ? ಎಲ್ಲರೂ ಜರ್ಮನ್ನರು, ಅಮೆರಿಕದವರು ಅಂತಲೇ ಬಣ್ಣ ಹಚ್ಚುತ್ತಾರೆ. ನಾನು 1520ರ ರಾಯಚೂರು ಯುದ್ಧ ಮಾಡ್ತಿದ್ದೇನೆ. ಕೃಷ್ಣದೇವರಾಯ ಒಂದು ಕಡೆ, ಇಸ್ಮಾಯಿಲ್ ಆದಿಲ್ ಷಾ ಇನ್ನೊಂದು ಕಡೆ. ಕೋಟೆ ಮುತ್ತಿಗೆಯಲ್ಲಿ ರಾಯರ ಕಡೆ ಕೋವಿ ಹಿಡಿದ ಪೋರ್ಚುಗೀಸರೂ ಇದ್ದರು. ಹೆಲ್ಮೆಟ್ ಕತ್ತರಿಸಿ, ಟಿಶ್ಯೂ ಪೇಪರನ್ನು ಫೆವಿಕಾಲ್‌ನಲ್ಲಿ ಅದ್ದಿ ರುಮಾಲು ಸುತ್ತುತ್ತೇನೆ. ನಿಲುವಿಗೆ ಮಾದರಿ ಬೇಕಾದರೆ ಹಂಪಿಯ ಹಜಾರರಾಮ ಗುಡಿಯ ಹೊರಗೋಡೆ ನೋಡಿ, ಆನೆ, ಕುದುರೆ, ಕಾಲಾಳು ಸಾಲುಸಾಲಾಗಿ ಹೊರಟಿವೆ.

ಬಳ್ಳಾರಿ ಕಟಿಂಗ್ ಮಾಸ್ಟರ್:

ತೇಲಿತು ಕಾಕಾ! ಎತ್ತರವೂ ಹೆಚ್ಚು ಕಡಿಮೆ 54. ತಂಗೀ, ಆ ರುಮಾಲಿನ ಫೋಟೊ ಹಾಕಮ್ಮ. ಕಟಿಂಗ್ ಟೇಬಲ್ ಕೆಳಗೆ ನೂಲಿನ ಧೂಳು ಮುದ್ದೆಗಟ್ಟಲೆ ಬೀಳುತ್ತೆ, ಹಸಿರು ಬಣ್ಣದಲ್ಲಿ ಅದ್ದಿ ಒಣಗಿಸಿದರೆ ಹುಲ್ಲಾಗಬಹುದಾ? ಇನ್ನೊಂದು, ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತರೆ ಬಣ್ಣ ಬ್ರಷ್ ಮೇಲೇ ಒಣಗುತ್ತೆ. ಫ್ಯಾನ್ ಆರಿಸಿದರೆ ನಾನೇ ಒಣಗ್ತೀನಿ.

ಕೊಪ್ಪಳದ ಕಾಕಾ:

ಹುಲ್ಲಾಗುತ್ತೆ, ಆದರೆ ಕತ್ತರಿಯಲ್ಲಿ ಪುಡಿಪುಡಿ ಮಾಡಿ. ತಂಗಿ ಹೇಳಿದ 32ರ ಲೆಕ್ಕ ಹುಲ್ಲಿಗೂ ಇದೆ. ಇನ್ನು ಬಣ್ಣ ಒಣಗೋದಕ್ಕೆ, ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಟಿಶ್ಯೂ ಮಡಿಚಿ ಹಾಸಿ, ನೀರು ಚಿಮುಕಿಸಿ, ಮೇಲೆ ಬಟರ್ ಪೇಪರ್ ಹಾಕಿ, ಅದರ ಮೇಲೆ ಬಣ್ಣ ಇಟ್ಟುಕೊಳ್ಳಿ. ಕೆಳಗಿನ ತೇವ ಮೆಲ್ಲಗೆ ಏರುತ್ತಾ ಇರುತ್ತೆ. ರಾತ್ರಿ ಡಬ್ಬಿ ಕವುಚಿ ಮುಚ್ಚಿಟ್ಟರೆ ಮರುದಿನಕ್ಕೂ ಆಗುತ್ತೆ. ಬ್ರಷ್ ಆಗಾಗ ನೀರಿಗೆ ಅದ್ದಿ ಒರೆಸಿಕೊಳ್ಳಿ. ಫ್ಯಾನ್ ಹಾಕ್ಕೊಂಡೇ ಕೂರಿ ಮಾಸ್ಟರೇ, ಗಾಳಿ ಮುಚ್ಚಳದ ಮೇಲೆ ನೇರ ಬೀಳದ ಹಾಗೆ ನೋಡಿಕೊಂಡರೆ ಸಾಕು.