ಅಪ್‌ಡೇಟ್: ಕಾಫಿ ಮೂಟೆ ಲೆಕ್ಕ ಕೊನೆಗೂ ತಲೆಗೆ ಹತ್ತಿತು

ಮೊನ್ನೆ ಟೆಸ್ಟಿನ ಒಂದು ಲೆಕ್ಕ ಕೇಳಿದ್ನಲ್ಲ, ಅರೇಬಿಕಾ, ರೋಬಸ್ಟಾ ಅಂತ ಎರಡು ತರದ ಕಾಫಿ ಮೂಟೆ ಇವೆ, ಅರೇಬಿಕಾ ಎಷ್ಟು ಮೂಟೆ ಅಂತ ಹೇಳೋಕೆ ಕೊಟ್ಟಿರೋ ಎರಡು ಹೇಳಿಕೆಲಿ ಒಂದೇ ಸಾಕಾ, ಎರಡೂ ಬೇಕಾ ಅಂತ. ಒಂದನೇ ಹೇಳಿಕೆ, ಅರೇಬಿಕಾ ರೋಬಸ್ಟಾ 3:5. ಎರಡನೇದು, ಅರೇಬಿಕಾಗೆ 10 ಮೂಟೆ ಸೇರಿಸಿದ್ರೆ 4:5 ಆಗುತ್ತೆ. ನಾನು ಎರಡನೇದೊಂದೇ ಸಾಕು ಅಂತ ಟಿಕ್ ಹಾಕಿ ಮಾರ್ಕ್ಸ್ ಕಳ್ಕೊಂಡಿದ್ದೆ.

ನಿನ್ನೆ ಮಡಿಕೇರಿಲಿ ಜೋರು ಮಳೆ, ಕರೆಂಟೂ ಇಲ್ಲ, ಮೇಣದ ಬತ್ತಿ ಹಚ್ಕೊಂಡು ನೀವು ಹೇಳ್ದಂಗೆ 3ಎಕ್ಸ್, 5ಎಕ್ಸ್ ಇಟ್ಕೊಂಡು ಕೂತೆ. 5(3ಎಕ್ಸ್+10) = 4×5ಎಕ್ಸ್, ಅಲ್ಲಿಗೆ 5ಎಕ್ಸ್ = 50, ಎಕ್ಸ್ 10, ಅರೇಬಿಕಾ 30. ಎರಡೂ ಸೇರಿದ್ರೆ ಮಾತ್ರ ಸಾಕು. ಎರಡನೇದೊಂದನ್ನೇ ಹಿಡ್ಕೊಂಡ್ರೆ ಅರೇಬಿಕಾ 2, ರೋಬಸ್ಟಾ 15 ಕೂಡ ಕೂರುತ್ತೆ (10 ಸೇರಿಸಿದ್ರೆ 12:15, ಅಂದ್ರೆ 4:5), ಇದು ಹೊಳೆದೇ ಇರ್ಲಿಲ್ಲ ನೋಡಿ! ಬರೀ 3:5 ಅಂದ್ರಂತೂ ಮೂಟೆ ಎಷ್ಟು ಬೇಕಾದ್ರೂ ಇರ್ಬಹುದು.

ಪಪ್ಪ ಹಾಳೆ ಇಣುಕಿ ನೋಡಿ, ಇದ್ಯಾರ ತೋಟದ್ದು ಅಂತ ಕೇಳಿದ್ರು.