ಮೊದಲ ಜಿಯು-ಜಿತ್ಸು ಟೂರ್ನಮೆಂಟ್: ಮೈ ರೆಡಿ ಉಂಟು, ತಲೆ ರೆಡಿ ಇಲ್ಲ

ಕೊಟ್ಟಾರ_ವೈಟ್‌ಬೆಲ್ಟ್

ನಮಸ್ಕಾರ. ಮಂಗಳೂರಿನಲ್ಲಿ 9 ತಿಂಗಳಿಂದ ಜಿಯು-ಜಿತ್ಸು (ಕೆಡವಿ, ನೆಲದ ಮೇಲೆ ಹಿಡಿದು ಸೋಲಿಸುವ ಕುಸ್ತಿಯಂಥ ಆಟ) ಕಲಿಯುತ್ತಿದ್ದೇನೆ. ಇನ್ನು 3 ವಾರಕ್ಕೆ ಬೆಂಗಳೂರಿನಲ್ಲಿ ಮೊದಲ ಟೂರ್ನಮೆಂಟ್, ಗೀ (ದಪ್ಪ ಬಟ್ಟೆಯ ಜಾಕೆಟ್, ಪ್ಯಾಂಟ್) ಹಾಕಿ ಆಡುವುದು, ಐಬಿಜೆಜೆಎಫ್ (ಈ ಆಟದ ಅಂತರರಾಷ್ಟ್ರೀಯ ಒಕ್ಕೂಟ) ರೂಲ್ಸ್. ಕ್ಲಾಸಿನಲ್ಲಿ 6 ರೌಂಡ್ ರೋಲ್ (ಅಭ್ಯಾಸದ ಸೆಣಸಾಟ) ಮಾಡಿದರೂ ಸುಸ್ತಿಲ್ಲ. ಆದರೆ ಮ್ಯಾಚಿನ ನೆನಪು ಬಂದರೆ ಸಾಕು, ಹೊಟ್ಟೆ ಕಲಕಿದ ಹಾಗೆ ಆಗುತ್ತದೆ, ರಾತ್ರಿ 2 ಗಂಟೆಗೆ ಎಚ್ಚರ. ತೂಕ 69 ಕೆಜಿ, 70ರ ಕೆಟಗರಿಗೆ ಹೆಸರು ಕೊಡುವ ಅಂತ ಇದ್ದೇನೆ. ಈ ಹೆದರಿಕೆ ಹೋಗಲಿಕ್ಕೆ ಎಂತ ಮಾಡಬೇಕು? ಮೊದಲ ಮ್ಯಾಚಿನಲ್ಲಿ ಒಂದೇ ನಿಮಿಷಕ್ಕೆ ಕೈ ಸೋಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ಯಾಕೆ?

ಮಲ್ಪೆ_ಗಾರ್ಡ್

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೆಸರು ಕರೆದ ಕೂಡಲೇ ಅಡ್ರಿನಲಿನ್ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಈಗಷ್ಟೇ ಹೋಗಿ ಬಂದರೂ ಮತ್ತೆ ಮೂತ್ರಕ್ಕೆ ಹೋಗಬೇಕು ಅನಿಸುತ್ತದೆ. ಇದರಲ್ಲಿ ಯಾವುದೂ ಕಾಯಿಲೆ ಅಲ್ಲ, ಮೈ ಕೆಲಸಕ್ಕೆ ಸಜ್ಜಾಗುವ ಲಕ್ಷಣ. ಕೈ ಸೋಲುವುದು ಆಮೇಲೆ ನಾವು ಮಾಡುವ ತಪ್ಪಿನಿಂದ. ಗೊತ್ತಿಲ್ಲದೆ ಉಸಿರು ಕಟ್ಟುತ್ತೇವೆ, ತುಂಬಿದ ಕೊಡಪಾನ ಬಾವಿಯಿಂದ ಎಳೆಯುವ ಹಾಗೆ ಕಾಲರನ್ನು ಬಿಗಿಯಾಗಿ ಹಿಡಿದು ಬಿಡುವುದೇ ಇಲ್ಲ. ಬಿಗಿದೇ ಇರುವ ಸ್ನಾಯುವಿನೊಳಗೆ ರಕ್ತ ಸರಿಯಾಗಿ ಓಡುವುದಿಲ್ಲ. ಸ್ವಲ್ಪ ಹೊತ್ತಿಗೇ ಮುಂಗೈ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಮತ್ತೆ ಬೆರಳು ಮಡಚಲಿಕ್ಕೂ ಬರುವುದಿಲ್ಲ.

ಇದಕ್ಕೆ ಮುಖ್ಯ ಮದ್ದು ವಾರ್ಮ್‌ಅಪ್. ಕೈಕಾಲು ಬೀಸಿದರೆ ಸಾಲದು. ಮ್ಯಾಚಿಗೆ 30-40 ನಿಮಿಷ ಇರುವಾಗ ಜೊತೆಯವರೊಬ್ಬರನ್ನು ಕರೆದು 1 ನಿಮಿಷದ ಗ್ರಿಪ್ ಫೈಟ್ (ಹಿಡಿತಕ್ಕಾಗಿ ಎಳೆದಾಟ) 3 ಸಲ ಮಾಡಿ, ಮಾತಾಡಲಿಕ್ಕೆ ಕಷ್ಟ ಆಗುವಷ್ಟು ಜೋರಾಗಿ. ಆ ಮೊದಲ ಏದುಸಿರು ಮ್ಯಾಟಿನ ಹೊರಗೇ ಮುಗಿದುಹೋಗಬೇಕು. ಮತ್ತೆ ಜಾಕೆಟ್ ಹಾಕಿ ಮೈ ಬೆಚ್ಚಗಿಡಿ. ಕಾಯುವಾಗ ಮೂಗಿನಿಂದ 4 ಎಣಿಸುವಷ್ಟು ಒಳಗೆ, ಬಾಯಿಯಿಂದ 6-8 ಎಣಿಸುವಷ್ಟು ಹೊರಗೆ, ಹೀಗೆ 2 ನಿಮಿಷ. ಉಸಿರು ಹೊರಗೆ ಬಿಡುವುದು ಉದ್ದವಾದರೆ ಎದೆಬಡಿತ ತಾನಾಗಿ ಇಳಿಯುತ್ತದೆ.

ಇರುವ 3 ವಾರದಲ್ಲಿ ಮೊದಲ ಎರಡು ವಾರ, ವಾರಕ್ಕೆ 2 ದಿನ ಕ್ಲಾಸಿನಲ್ಲಿ ಸುಳ್ಳು ಮ್ಯಾಚ್ ಇಡಿಸಿ. 20 ನಿಮಿಷ ಸುಮ್ಮನೆ ಕೂತಿದ್ದು, ಹೆಸರು ಕರೆದ ಮೇಲೆ ಏಳಬೇಕು. ನಿಂತೇ ಶುರು, 5 ನಿಮಿಷ, ಒಬ್ಬರು ರೆಫ್ರಿಯಾಗಿ ಪಾಯಿಂಟ್ ಕೂಗಬೇಕು, ಉಳಿದವರು ಸುತ್ತ ನಿಂತು ಬೊಬ್ಬೆ ಹೊಡೆಯಬೇಕು. ಸಾಧ್ಯವಾದರೆ ಒಂದು ದಿನ ಉಡುಪಿ ಕಡೆಗೋ ಮಣಿಪಾಲಕ್ಕೋ ಹೋಗಿ ನಿಮ್ಮ ಆಟ ಗೊತ್ತಿಲ್ಲದವರ ಜೊತೆ ಆಡಿ. ದಿನಾ ನೋಡುವ ಮುಖದ ಎದುರು ಹೆದರಿಕೆ ಹುಟ್ಟುವುದೇ ಇಲ್ಲ, ಹಾಗಾಗಿ ಅಭ್ಯಾಸವೂ ಆಗುವುದಿಲ್ಲ. ಕೊನೆಯ 4-5 ದಿನ ಗಟ್ಟಿ ರೋಲ್ ಬೇಡ.

ಹೆದರಿಕೆ ಪೂರ್ತಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡುವ, ಭಾಷಣ ಮಾಡುವ, ಲೆಕ್ಕ ಬಿಡಿಸುವ ಮೊದಲು 'ಶಾಂತವಾಗಿದ್ದೇನೆ' ಅಂತ ಹೇಳಿಕೊಂಡವರಿಗಿಂತ 'ಹುರುಪಿನಲ್ಲಿದ್ದೇನೆ' ಅಂತ ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಬಡಿಯುವ ಎದೆಗೆ ಸುಮ್ಮನಿರು ಅಂದರೆ ಅದು ಕೇಳುವುದಿಲ್ಲ. ಹುರುಪು ಅಂತ ಹೆಸರಿಟ್ಟರೆ ಒಪ್ಪುತ್ತದೆ.

ಕಾರ್ಕಳ_ಹಾಫ್‌ಗಾರ್ಡ್

70ಕ್ಕೆ ಹೆಸರು ಕೊಡಬೇಡಿ ಮಾರಾಯ್ರೆ! ಐಬಿಜೆಜೆಎಫ್ ನಿಯಮದಲ್ಲಿ ಗೀ ಹಾಕಿಕೊಂಡೇ ತೂಕ ನೋಡುವುದು. ಒಂದು ಗೀ, ಬೆಲ್ಟ್ ಸೇರಿ ಒಂದೂವರೆಯಿಂದ 2 ಕೆಜಿ ಬರುತ್ತದೆ. ನಿಮ್ಮ 69ಕ್ಕೆ ಅದನ್ನು ಕೂಡಿಸಿದರೆ 70 ದಾಟಿ ಆಯಿತು. ತೂಕ ನೋಡುವುದು ಮ್ಯಾಚಿಗೆ ಸ್ವಲ್ಪವೇ ಮೊದಲು, ಎರಡನೇ ಅವಕಾಶ ಇಲ್ಲ, ಹೆಚ್ಚಾದರೆ ಆಡದೆಯೇ ಹೊರಗೆ. ಮುಂದಿನ ಕೆಟಗರಿ 76ರವರೆಗೆ, ಅದಕ್ಕೇ ಕೊಡಿ. ಮೊದಲ ಟೂರ್ನಮೆಂಟಿಗೆ ಊಟ ಬಿಟ್ಟು ತೂಕ ಇಳಿಸುವುದು ತಲೆಗೆ ಇನ್ನೊಂದು ಹೊರೆ. ಹಸಿದ ಹೊಟ್ಟೆಯಲ್ಲಿ ನಿದ್ದೆಯೂ ಬರುವುದಿಲ್ಲ, ಧೈರ್ಯವೂ ಬರುವುದಿಲ್ಲ. ಸ್ಥಳೀಯ ಟೂರ್ನಮೆಂಟಿನವರು ಹಿಂದಿನ ದಿನವೇ ತೂಕ ನೋಡುವುದೂ ಉಂಟು, ಅವರ ನಿಯಮದ ಹಾಳೆ ಈಗಲೇ ಓದಿಡಿ.

ನಮ್ಮ ಊರಿನ ಮಳೆಗೆ ಗೀ 2 ದಿನವಾದರೂ ಒಣಗುವುದಿಲ್ಲ. ತೇವ ಇದ್ದರೆ ತೂಕ ಹೆಚ್ಚು, ವಾಸನೆ ಬೇರೆ, ತಪಾಸಣೆಯಲ್ಲಿ ಬೇಡ ಅನ್ನಬಹುದು. ಹೊರಡುವ 4 ದಿನ ಮೊದಲೇ ಒಗೆದು ಫ್ಯಾನಿನಡಿ ಹಾಕಿ, ಕಂಕುಳಿನ ಹೊಲಿಗೆ ಮುಟ್ಟಿ ನೋಡಿ. ಕೊನೆಗೆ ಒಣಗುವುದು ಅದೇ ಜಾಗ. ಬಿಸಿ ನೀರಿಗೆ ಹಾಕಬೇಡಿ, ತೋಳು ಕುಗ್ಗಿ ಅಳತೆಯಲ್ಲಿ ಸಿಕ್ಕಿಬೀಳುತ್ತದೆ. ಮೈಯಲ್ಲಿ ಎಲ್ಲಾದರೂ ಗಜಕರ್ಣದ ಕಲೆ ಕಂಡರೆ ಇವತ್ತೇ ಡಾಕ್ಟರಿಗೆ ತೋರಿಸಿ, ಅದು ಗುಣವಾಗಲಿಕ್ಕೆ ವಾರಗಳೇ ಬೇಕು.

ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬಸ್ಸು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಹೇಳಲಿಕ್ಕಾಗದು. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಗ್ಗೆ ಆಡುವ ಯೋಚನೆ ಇದ್ದರೆ ಬಿಡಿ, ಒಂದು ದಿನ ಮೊದಲೇ ಹೋಗಿ. ಮ್ಯಾಚಿಗೆ 3 ಗಂಟೆ ಮೊದಲು ಅಭ್ಯಾಸದ ಊಟ, ಗಂಜಿಯಾದರೆ ಗಂಜಿ, ಇಡ್ಲಿಯಾದರೆ ಇಡ್ಲಿ. ಒಂದು ಗಂಟೆ ಮೊದಲು ಬಾಳೆಹಣ್ಣು. ಬನ್ಸ್, ಗೋಳಿಬಜೆ ಆಟ ಮುಗಿದ ಮೇಲೆ. ಹಿಂದಿನ ರಾತ್ರಿ ನಿದ್ದೆ ಬಾರದಿದ್ದರೆ ಗಾಬರಿ ಬೇಡ, ಅದರ ಹಿಂದಿನ ಎರಡು ರಾತ್ರಿ ಚೆನ್ನಾಗಿ ಮಲಗಿದ್ದರೆ ಮೈ ನಡೆಸುತ್ತದೆ.

ಬಲ್ಮಠ_ಪಾಸರ್

ವಾರ್ಮ್‌ಅಪ್ ಬಗ್ಗೆ ಮಲ್ಪೆಯವರ ಮಾತು ಒಪ್ಪುತ್ತೇನೆ. ಆದರೆ ರಾತ್ರಿ 2 ಗಂಟೆಯ ಎಚ್ಚರಕ್ಕೆ ಅದು ಮದ್ದಲ್ಲ. ಏನು ಮಾಡುವುದು ಅಂತ ತೀರ್ಮಾನ ಆಗದಿದ್ದರೆ ತಲೆ ಅದನ್ನೇ ಸುತ್ತುತ್ತಾ ಇರುತ್ತದೆ.

ಒಂದು ಹಾಳೆಯಲ್ಲಿ ಬರೆಯಿರಿ. ಮೊದಲ ಹಿಡಿತ ಯಾವುದು, ಬಲಗೈ ಕಾಲರಿಗೋ ತೋಳಿಗೋ? ಅಲ್ಲಿಂದ ಟೇಕ್‌ಡೌನೋ (ನಿಂತವನನ್ನು ಕೆಡವುವುದು) ಗಾರ್ಡ್ ಪುಲ್ಲೋ (ತಾನೇ ಕೂತು ಎದುರಾಳಿಯನ್ನು ಕಾಲುಗಳ ನಡುವೆ ಎಳೆದುಕೊಳ್ಳುವುದು)? ಒಂದೇ ಆರಿಸಿ. ಒಂದು ಪಾಸ್ (ಎದುರಾಳಿಯ ಕಾಲು ದಾಟುವುದು), ಒಂದು ಸ್ವೀಪ್ (ಕೆಳಗಿನಿಂದ ಮಗುಚಿ ಮೇಲೆ ಬರುವುದು), ಒಂದು ಸಬ್‌ಮಿಷನ್ (ಸೋಲೊಪ್ಪಿಸುವ ಪಟ್ಟು). ಮತ್ತೆ ಮೌಂಟ್ (ಎದುರಾಳಿ ಮೇಲೆ ಕೂತದ್ದು), ಸೈಡ್ ಕಂಟ್ರೋಲ್ (ಪಕ್ಕದಿಂದ ಅದುಮಿದ್ದು), ಬ್ಯಾಕ್ (ಬೆನ್ನಿಗೆ ಅಂಟಿ ಹಿಡಿದದ್ದು), ಈ ಮೂರರಿಂದ ತಪ್ಪಿಸಿಕೊಳ್ಳುವ ಒಂದೊಂದು ದಾರಿ. ಹೊಸ ಟೆಕ್ನಿಕ್ ಈ 3 ವಾರದಲ್ಲಿ ಬೇಡವೇ ಬೇಡ. 'ಹೀಗಾದರೆ ಹೀಗೆ' ಅಂತ ಬರೆದರೆ ಇನ್ನೂ ಒಳ್ಳೆಯದು. 'ಅವನು ಮೊದಲು ಟೇಕ್‌ಡೌನ್ ಮಾಡಿದರೆ ನಾನು ಕೂಡಲೇ ಹಾಫ್ ಗಾರ್ಡಿಗೆ (ಅವನ ಒಂದು ಕಾಲನ್ನು ನನ್ನ ಕಾಲುಗಳಲ್ಲಿ ಸಿಕ್ಕಿಸಿ) ಬರುತ್ತೇನೆ.' ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಹೇಳಿದ ವಿಧಾನ ಇದು. ಆ ಹೊತ್ತು ಬಂದಾಗ ಯೋಚನೆ ಮಾಡಬೇಕಾಗಿಲ್ಲ, ಮೈ ತಾನೇ ಹೋಗುತ್ತದೆ.

ಮಲಗುವ ಮೊದಲು ಕಣ್ಣು ಮುಚ್ಚಿ ಮೊದಲ 20 ಸೆಕೆಂಡ್ ಮಾತ್ರ ನೋಡಿ: ಮ್ಯಾಟಿಗೆ ಕಾಲಿಡುವುದು, ರೆಫ್ರಿ ಕೈ, ಕೈ ಕುಲುಕುವುದು, ಆ ಮೊದಲ ಹಿಡಿತ ಬೆರಳಿಗೆ ಸಿಗುವುದು. ಪದಕದ ಕನಸು ಕಾಣುವುದರಿಂದ ಕೈಗೆ ಏನೂ ಕಲಿತ ಹಾಗಾಗುವುದಿಲ್ಲ.

ಪಾಯಿಂಟ್ ಬಾಯಿಪಾಠ ಇರಲಿ: ಟೇಕ್‌ಡೌನ್, ಸ್ವೀಪ್, ನೀ ಆನ್ ಬೆಲ್ಲಿ (ಹೊಟ್ಟೆಯ ಮೇಲೆ ಮೊಣಕಾಲು) ತಲಾ 2, ಪಾಸ್ 3, ಮೌಂಟ್, ಬ್ಯಾಕ್ ತಲಾ 4. ಎಲ್ಲದಕ್ಕೂ 3 ಸೆಕೆಂಡ್ ಹಿಡಿದಿಡಬೇಕು. ಸ್ವೀಪ್ ಮಾಡಿದ ಖುಷಿಯಲ್ಲಿ ಒಂದೇ ಸೆಕೆಂಡಿಗೆ ಮುಂದಕ್ಕೆ ಹಾರಿ 2 ಪಾಯಿಂಟ್ ಕಳೆದುಕೊಳ್ಳುವುದು ಹೊಸಬರ ಮಾಮೂಲಿ ತಪ್ಪು. ಹಿಡಿತ ಇಲ್ಲದೆ ಸುಮ್ಮನೆ ಕೂತರೆ ಪೆನಾಲ್ಟಿ, ವೈಟ್ ಬೆಲ್ಟಿನಲ್ಲಿ (ಹೊಸಬರ ದರ್ಜೆ) ಹಾರಿ ಗಾರ್ಡ್ ಹಾಕುವಂತಿಲ್ಲ.

ಇನ್ನೊಂದು, ಬಹಳ ಮುಖ್ಯ. ಅಡ್ರಿನಲಿನ್ ಇರುವಾಗ ನೋವು ತಡವಾಗಿ ಗೊತ್ತಾಗುತ್ತದೆ. ಆರ್ಮ್‌ಬಾರ್‌ನಲ್ಲಿ (ಮೊಣಕೈ ಹಿಂದಕ್ಕೆ ಬಾಗಿಸುವ ಪಟ್ಟು) ಮೊಣಕೈ ನೆಟ್ಟಗಾಗಿ ಎದುರಾಳಿಯ ಸೊಂಟ ಮೇಲೆ ಬಂದರೆ ನೋವಿಗೆ ಕಾಯಬೇಡಿ, ಟ್ಯಾಪ್ ಮಾಡಿ (ಕೈಯಿಂದ ತಟ್ಟಿ ಸೋಲೊಪ್ಪಿ). ಕೈ ಸಿಕ್ಕಿಕೊಂಡಿದ್ದರೆ ಬಾಯಲ್ಲಿ ಹೇಳಿ. ಅಯ್ಯೋ ಅಂತ ನೋವಿಗೆ ಕೂಗಿದರೂ ರೆಫ್ರಿ ಸೋಲು ಅಂತಲೇ ನಿಲ್ಲಿಸುತ್ತಾರೆ.

ಕೊಟ್ಟಾರ_ವೈಟ್‌ಬೆಲ್ಟ್

ತುಂಬಾ ಉಪಕಾರ ಆಯಿತು ಅಣ್ಣಂದಿರೆ. 76ಕ್ಕೇ ಹೆಸರು ಕೊಡುತ್ತೇನೆ. ಮನೆಯಲ್ಲಿ ಅಪ್ಪ ಅಮ್ಮ ನೋಡಲಿಕ್ಕೆ ಬರುತ್ತೇವೆ ಅಂತಿದ್ದಾರೆ. ಬರಲಿಯಾ, ಬೇಡವಾ?

ಬಲ್ಮಠ_ಪಾಸರ್

ಬರಲಿ. ಆದರೆ ಎರಡು ವಿಷಯ ಮೊದಲೇ ಹೇಳಿಡಿ. ವಾರ್ಮ್‌ಅಪ್ ಶುರುವಾದ ಮೇಲೆ ಹತ್ತಿರ ಬಂದು ಮಾತಾಡಿಸುವುದು ಬೇಡ, ಮ್ಯಾಚ್ ನಡೆಯುವಾಗ ಹೆಸರು ಹಿಡಿದು ಕೂಗುವುದು ಬೇಡ. ಕಿವಿಗೆ ಕೋಚ್ ಒಬ್ಬರ ಸ್ವರ ಮಾತ್ರ ಬೀಳಬೇಕು, ಅದೂ ಹೊತ್ತು ಎಷ್ಟಾಯಿತು, ಪಾಯಿಂಟ್ ಎಷ್ಟು ಅಂತ. ಅಮ್ಮನಿಗೆ ಚೋಕ್ (ಕತ್ತು ಅದುಮುವ ಪಟ್ಟು) ಎಂದರೆ ಏನು, ಟ್ಯಾಪ್ ಮಾಡಿದರೆ ಬಿಡುತ್ತಾರೆ ಅಂತ ಮನೆಯಲ್ಲೇ ಒಮ್ಮೆ ತೋರಿಸಿ, ಇಲ್ಲದಿದ್ದರೆ ಅವರು ಅಲ್ಲಿ ಕಂಗಾಲಾಗುತ್ತಾರೆ. ಮ್ಯಾಚ್ ಮುಗಿದ ಕೂಡಲೇ ಅವರ ಹತ್ತಿರ ಹೋಗುವ ಮೊದಲು ಇನ್ನೊಂದು ಮ್ಯಾಚ್ ಉಂಟಾ ಅಂತ ಟೇಬಲಿನಲ್ಲಿ ಕೇಳಿಕೊಳ್ಳಿ. ಇದ್ದರೆ ಜಾಕೆಟ್ ಹಾಕಿ, ಎರಡು ಗುಟುಕು ನೀರು, ಮುಂಗೈ ಉಜ್ಜಿಕೊಳ್ಳುತ್ತಾ ನಡೆಯುತ್ತಾ ಇರಿ, ಕೂರಬೇಡಿ.